ಅಟ್ಟದ ಮೇಲಿನ ಕೊಲೆಗಾರ

ಸಂಕ್ರಾಂತಿ ಹಬ್ಬದ ದಿನ ಮಚ್ಚು ಹಿಡಿದು ಬರುವ ಕೊಲೆಗಾರನ ಸಿನಿಮಾದ ಮೊದಲ ಭಾಗವೇ ಓಡಿರಲಿಲ್ಲ. ಆದರೂ ನಿರ್ಮಾಪಕರು ಕಾಸಿಗೆ ಕಾಸು ಕೂಡಿಸಿ ಎರಡನೇ ಭಾಗ ತೆಗೆದರು. ನಾನು ಅದರ ಸೌಂಡ್ ರೆಕಾರ್ಡಿಸ್ಟ್.

ಹಂದನಕೆರೆ ಹತ್ತಿರದ ತೋಟದ ಮನೆಯಲ್ಲಿ ಶೂಟಿಂಗ್. ಕೊಲೆಗಾರ ಅಟ್ಟದ ಮೇಲೆ ಸದ್ದಿಲ್ಲದೆ ತೆವಳಿ ಬಂದು, ಕೆಳಗೆ ಎಳ್ಳು ಬೆಲ್ಲ ಬೆರೆಸುತ್ತಿರುವ ನಾಯಕಿಯ ಮೇಲೆ ಹಾರಬೇಕು. ಇಡೀ ಸಿನಿಮಾದಲ್ಲಿ ಹೆದರಿಕೆ ಹುಟ್ಟಿಸುವಂಥದ್ದು ಅದೊಂದೇ. ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ್ದ ತೆಂಗಿನಕಾಯಿ. ಅವನು ಮೊಣಕಾಲು ಊರಿದ್ದೇ ತಡ, ಕಾಯಿಗಳೆಲ್ಲ ಲೊಡಲೊಡ ಅಂದವು.

ಮನೆಯ ಯಜಮಾನಿ ಗಂಗಮ್ಮ ಬಾಗಿಲಲ್ಲೇ ನಿಂತಿದ್ದರು. "ಅಟ್ಟಕ್ಕೆ ಹಾಕಿ ವರ್ಷ ಆಯ್ತು ಕಣಪ್ಪ. ಒಳಗೆ ಒಣಗಿ, ಚಿಪ್ಪು ಬಿಟ್ಟು ಕೊಬ್ಬರಿ ಆಗೈತೆ, ಸದ್ದು ಮಾಡ್ದೆ ಇರ್ತಾವಾ? ಇಲಿ ಓಡಿದ್ರೂ ನಂಗೆ ಗೊತ್ತಾಯ್ತದೆ. ನಿಮ್ಮ ಹುಡುಗಿಗೆ ಕಿವಿ ಕೇಳಲ್ವಾ?"

"ಆ ಸದ್ದು ತೆಗೆದುಹಾಕ್ತೀನಿ ಬಿಡಿ ಅಮ್ಮ" ಅಂದೆ, ಜಂಬದಿಂದ. ಮೂರು ದಿನ ಕೂತು ಒಂದು ಲೊಡವೂ ಉಳಿಯದಂತೆ ತೆಗೆದೆ.

ಕೊಬ್ಬರಿ ವ್ಯಾಪಾರದ ಊರು ತಿಪಟೂರಿನಲ್ಲಿ ಮೊದಲ ಶೋ. ಕೊಲೆಗಾರ ಕಾಯಿ ರಾಶಿಯ ಮೇಲೆ ಬೆಕ್ಕಿನ ಹಾಗೆ ತೆವಳಿದ. ಒಂದು ಕಾಯಿಯೂ ಸದ್ದು ಮಾಡಲಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಲೇ, ಇಳಿಯೋ ಕೆಳಗೆ! ಕಾಯಿ ಇನ್ನೂ ಹಸಿ ಅವೆ!"

ಥಿಯೇಟರಿಗೆ ಥಿಯೇಟರೇ ನಕ್ಕಿತು. ಆ ಗಲಾಟೆಯಲ್ಲಿ ನಾಯಕಿ ಸತ್ತದ್ದನ್ನು ಯಾರೂ ನೋಡಲಿಲ್ಲ.

ಸಿನಿಮಾ ನೋಡಲು ಬಂದಿದ್ದ ಗಂಗಮ್ಮ ಹೊರಗೆ ನನಗಾಗಿಯೇ ಕಾದಿದ್ದರು. "ನಮ್ಮನೆ ಕಾಯಿ ಹಸಿ ಅಂತ ಊರಿಗೆಲ್ಲ ಸಾರ್ಬುಟ್ಯಲ್ಲಪ್ಪ! ಇನ್ನು ಯಾವ ವ್ಯಾಪಾರಿ ಬತ್ತಾನೆ?"

ಏಳು ಕೊಲೆಯ ಆ ಸಿನಿಮಾದಲ್ಲಿ ಅವರ ಪಾಲಿಗೆ ಅಪರಾಧಿ ನಾನೊಬ್ಬನೇ.