ಬಣ್ಣ ಕಾಣದವನು ಹಿಡಿದ ಕೆಂಪು ಕಲ್ಲು

ಎರಡು ವರ್ಷದ ಹಿಂದೆ, ರಂಜಾನ್ ಹಬ್ಬ ಮುಗಿದು ಅಂಗಡಿ ಮತ್ತೆ ತೆರೆದ ವಾರ ನಡೆದದ್ದು ಇದು. ಶಿವಾಜಿನಗರದ ಗಲ್ಲಿಯೊಂದರಲ್ಲಿ ನಮ್ಮದು ಹರಳಿನ ಅಂಗಡಿ, ಅಜ್ಜನ ಕಾಲದ್ದು. ಅಬ್ಬಾ ಕಣ್ಣಲ್ಲಿ ನೋಡಿಯೇ ಯಾವ ಹರಳೆಂದು ಹೇಳಿಬಿಡುತ್ತಾರೆ. ಅವರ ಒಬ್ಬನೇ ಮಗನಾದ ನನಗೋ ಹುಟ್ಟಿನಿಂದ ಕೆಂಪು, ಹಸಿರಿನ ವ್ಯತ್ಯಾಸವೇ ತಿಳಿಯದು. ಹರಳಿನ ವ್ಯಾಪಾರಿಗೆ ತಕ್ಕ ಮಗನೇ ಬಿಡಿ!

ಒಮ್ಮೆ ಗಿರಾಕಿಯ ಮುಂದೆ ಪಚ್ಚೆ ತಾ ಎಂದರೆ ಮಾಣಿಕ್ಯ ತಂದಿಟ್ಟೆ. ಅಂದಿನಿಂದ ಅಬ್ಬಾ ನನ್ನನ್ನು ಹರಳಿನ ಹತ್ತಿರ ಬಿಡಲಿಲ್ಲ. ಪಾರ್ಸೆಲ್ ತಲುಪಿಸುವುದು, ಅಕ್ಕಸಾಲಿಗರ ಬಳಿ ಓಡಾಡುವುದು ನನ್ನ ಪಾಲಿಗೆ ಬಂತು. ತಮ್ಮ ಕಾಲದ ನಂತರ ಅಂಗಡಿ ಮುಚ್ಚುವುದೇ ಸರಿ ಎಂದು ಅವರು ಅಮ್ಮಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಆ ಸಿಟ್ಟಿನಲ್ಲೇ ಹರಳು ಗುರುತಿಸುವುದನ್ನು ಕಲಿಸುವ ಇಂದಿರಾನಗರದ ತರಗತಿಯೊಂದಕ್ಕೆ ಸೇರಿದೆ. ಕಣ್ಣಿನ ವಿಷಯ ಯಾರಿಗೂ ಹೇಳಲಿಲ್ಲ. ಮೊದಲ ದಿನ ಮೇಡಂ ಕೆಲವು ಕೆಂಪು ಹರಳು ಹರಡಿ ಏನೆಂದು ಕೇಳಿದರು. ಎಲ್ಲರೂ ಮಾಣಿಕ್ಯ ಎಂದರು. ನಾನು ಬಾಯಿ ಬಿಡಲಿಲ್ಲ. ಮಾಣಿಕ್ಯ ಒಂದೇ, ಉಳಿದವು ಗಾರ್ನೆಟ್, ಸ್ಪಿನೆಲ್ ಎಂಬ ಬೇರೆ ಕೆಂಪು ಹರಳುಗಳು ಮತ್ತು ಬರೀ ಗಾಜು ಎಂದು ತಿಳಿದಾಗ ಎಲ್ಲರ ಮುಖ ಸಪ್ಪಗಾಯಿತು.

"ಬಣ್ಣ ಕೊನೇಲಿ ನೋಡಿ. ಮೊದಲು ಕಲ್ಲೊಳಗೆ ಬೆಳಕು ಏನ್ಮಾಡುತ್ತೆ ನೋಡಿ" ಎಂದರು ಮೇಡಂ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಕಲಿತ ಮೇಲೆ ನಾನು ಕೊಂಡ ಮೊದಲ ಉಪಕರಣ ಪೋಲರಿಸ್ಕೋಪ್. ದೀಪದ ಮೇಲೆ ಎರಡು ಕಪ್ಪು ಗಾಜು, ಅವುಗಳ ನಡುವೆ ಹರಳಿಟ್ಟು ತಿರುಗಿಸಬೇಕು. ಮಾಣಿಕ್ಯವಾದರೆ ತಿರುಗಿಸಿದಂತೆ ಬೆಳಕು ಬಂದು ಹೋಗುತ್ತದೆ. ಸ್ಪಿನೆಲ್ ಆದರೆ ಕತ್ತಲೆಯಾಗಿಯೇ ಇರುತ್ತದೆ. ಇದಕ್ಕೆ ಬಣ್ಣ ಕಾಣಬೇಕಾಗಿಲ್ಲ.

ರಂಜಾನ್ ಮುಗಿದ ಆ ವಾರ ಹಲಸೂರಿನ ಹಳೆಯ ಗಿರಾಕಿ ಹೆಂಗಸೊಬ್ಬರು ಮಗಳ ಮದುವೆಯ ನೆಕ್ಲೇಸಿಗೆ ಒಂದೇ ಅಳತೆಯ ಮಾಣಿಕ್ಯ ಕೇಳಿದ್ದರು. ಅಬ್ಬಾ ನಂಬಿಕೆಯ ವ್ಯಾಪಾರಿಯಿಂದ ತರಿಸಿ ಟ್ರೇಯಲ್ಲಿ ಜೋಡಿಸಿದ್ದರು. ಅವರು ನಮಾಜಿಗೆ ಹೋದಾಗ ನಾನು ಒಂದೊಂದನ್ನೇ ಪರೀಕ್ಷಿಸಿದೆ. ಎರಡು ಹರಳು ಬೆಳಗಲೇ ಇಲ್ಲ. ಒಂದು ದಿಕ್ಕಿನಿಂದ ನೋಡಿದರೆ ಮಾಣಿಕ್ಯವೂ ಕತ್ತಲಾಗಿ ಕಾಣುತ್ತದೆ, ಹೊರಳಿಸಿ ನೋಡಬೇಕು ಎಂದು ಮೇಡಂ ಹೇಳಿದ್ದು ನೆನಪಾಯಿತು. ಹೊರಳಿಸಿದೆ. ಒಂದು ಬೆಳಗಿತು. ಇನ್ನೊಂದು ಯಾವ ಮಗ್ಗುಲಿಗೆ ಹಾಕಿದರೂ ಬೆಳಗಲಿಲ್ಲ.

ಅಬ್ಬಾ ಬಂದಾಗ ಆ ಹರಳು ಮಾಣಿಕ್ಯವಲ್ಲ ಎಂದು ಹೇಳಿದೆ. ಎಲ್ಲಕ್ಕಿಂತ ಒಳ್ಳೆಯ ಬಣ್ಣ ಅದರದ್ದೇ, ಬಣ್ಣ ಕಾಣದವನು ನನಗೆ ಪಾಠ ಹೇಳಬೇಡ ಎಂದು ರೇಗಿದರು. ಆದರೂ ಅಂಗಡಿಯ ಹೆಸರಿನ ಪ್ರಶ್ನೆ. ನನ್ನನ್ನು ಹೊರಗೆ ನಿಲ್ಲಿಸಿ, ಹರಳುಗಳನ್ನೆಲ್ಲ ಕಲೆಸಿ ಮತ್ತೆ ಕರೆದರು. ಅದೇ ಹರಳನ್ನು ಎತ್ತಿ ಕೊಟ್ಟೆ. ಮತ್ತೆ ಕಲೆಸಿದರು, ಮತ್ತೆ ಎತ್ತಿ ಕೊಟ್ಟೆ. ಕೊನೆಗೆ ಅವರೇ ಬಗ್ಗಿ ಪೋಲರಿಸ್ಕೋಪ್‌ನಲ್ಲಿ ಬಹಳ ಹೊತ್ತು ನೋಡಿದರು. ಹರಳನ್ನು ಲ್ಯಾಬಿಗೆ ಕಳಿಸಿದರು. ಅದು ಸ್ಪಿನೆಲ್ ಎಂದೇ ವರದಿ ಬಂತು. ಚೆಂದದ ಹರಳೇ, ಆದರೆ ಮಾಣಿಕ್ಯವಲ್ಲ.

ಗಿರಾಕಿ ಬಂದಾಗ ಅಬ್ಬಾ ಏನನ್ನೂ ಮುಚ್ಚಿಡಲಿಲ್ಲ. ಬೇರೆ ಹರಳು ತರಿಸಲು ಸಮಯ ಕೇಳಿ, ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನಾನು ಮೋಸ ಹೋಗಿದ್ದೆ ಅಮ್ಮಾ, ಇವನು ಹಿಡಿದ. ಇನ್ಮೇಲೆ ಬಣ್ಣ ನಾನು ನೋಡ್ತೀನಿ, ಕಲ್ಲು ನನ್ನ ಮಗ ನೋಡ್ತಾನೆ" ಎಂದರು.

ಮನೆಯಲ್ಲಿ ನಾವು ಮಾತಾಡುವುದು ಉರ್ದು. ಅಬ್ಬಾ ನನ್ನನ್ನು ಹೊಗಳಿದ್ದು ಅಂದು ಕನ್ನಡದಲ್ಲಿ, ಗಿರಾಕಿಯ ಮುಂದೆ ಮಾತ್ರ. ಮನೆಯಲ್ಲಿ ಇಂದಿಗೂ ಒಂದು ಮಾತು ಹೊಗಳಿಲ್ಲ. ಪರವಾಗಿಲ್ಲ. ಈಗ ಅಂಗಡಿಗೆ ಬಂದ ಯಾವ ಹರಳೂ ನನ್ನ ಕೈ ದಾಟದೆ ಗಿರಾಕಿಯ ಕೈಗೆ ಹೋಗುವುದಿಲ್ಲ. ಆ ಹೆಮ್ಮೆ ನನಗೆ ಸಾಯುವ ತನಕ ಇರುತ್ತದೆ.