ಪಕ್ಕೀರಮ್ಮನ ಓತಿಕ್ಯಾತ

ಗುಡೇಕೋಟೆಯ ಸೂಲಗಿತ್ತಿ ಪಕ್ಕೀರಮ್ಮನ ಬಾಯಿಗೆ ಹೆದರದ ಬಾಣಂತಿಯೇ ಊರಲ್ಲಿರಲಿಲ್ಲ. ಮಗು ಹುಟ್ಟಿತೆಂದರೆ ಕೋಣೆಯ ಕಿಟಕಿಗೆ ಗೋಣಿಚೀಲ ಬಿಗಿದುಬಿಡುವಳು. ಬಿಸಿಲಿನ ಒಂದೆಳೆ ಒಳಗೆ ಬಂದರೂ ಮನೆಯವರಿಗೆಲ್ಲ ಸಹಸ್ರನಾಮ. ಮುದುಕಿಗೂ ಬಿಸಿಲಿಗೂ ಆಗಿಬರುವುದಿಲ್ಲ ಎಂದು ಜನ ನಗುತ್ತಿದ್ದರು. ಹಳಬರು ಮಾತ್ರ ನಗುತ್ತಿರಲಿಲ್ಲ. ಅವರಿಗೆ ಕಾರಣ ಗೊತ್ತಿತ್ತು.

ಹರೆಯದಲ್ಲಿ ಅವಳಿಗೊಂದು ಹೆಣ್ಣುಮಗುವಿತ್ತು. ಅದನ್ನು ಶೇಂಗಾ ಹೊಲದ ಜಾಲಿಮರದ ನೆರಳಲ್ಲಿ ಮಲಗಿಸಿ ಕಳೆ ಕೀಳುತ್ತಿದ್ದಾಗ ಪಕ್ಕದ ಹೊಲದಲ್ಲಿ ಒಬ್ಬಾಕೆಗೆ ಬೇನೆ ಶುರುವಾಯಿತು. ಕೂಸು ನಿದ್ದೆಯಲ್ಲಿದೆ, ಹೋದವಳೇ ಬಂದುಬಿಡುತ್ತೇನೆ ಎಂದು ಓಡಿದಳು. ಹೆರಿಗೆ ಕಷ್ಟದ್ದಾಯಿತು. ಅವಳು ಮರಳುವಷ್ಟರಲ್ಲಿ ನೆರಳು ಮರದ ಆಚೆ ಬದಿಗೆ ಸರಿದಿತ್ತು. ಕೂಸು ಉಳಿಯಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ, ಗಂಡನೂ ಬಹಳ ಕಾಲ ಬಾಳಲಿಲ್ಲ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿಗೆ ಜನ ಬಸ್ಸು ಹತ್ತಿ ಕೂಡ್ಲಿಗಿ ಆಸ್ಪತ್ರೆಗೆ ಹೋಗತೊಡಗಿದರು. ಪಕ್ಕೀರಮ್ಮನನ್ನು ಕರೆಯುವವರು ಕಡಿಮೆಯಾದರು. ಅಂಥದೊಂದು ದಿನ ಸೌದೆ ಹೊರೆ ಬಿಚ್ಚುವಾಗ ಓತಿಕ್ಯಾತದ ಮರಿಯೊಂದು ಸಿಕ್ಕಿತು. ಕಿರುಬೆರಳಿನಷ್ಟು ಮೈ, ಕತ್ತಿನ ಮೇಲೆ ಎಳೆಮುಳ್ಳು. ಓತಿಕ್ಯಾತ ಕಂಡರೆ ಹುಡುಗರು ಕಲ್ಲೆತ್ತುವ ಊರದು. ಅವಳು ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಒಯ್ದಳು.

ಸಾಕುವುದೆಂದರೆ ಅವಳಿಗೆ ಬಾಣಂತನವೊಂದೇ ಗೊತ್ತು. ಹಳೆಯ ಸೀರೆಯ ತುಂಡು ಹಾಸಿದ ಮೊರ, ಕಿಟಕಿಗೆ ಗೋಣಿಚೀಲ, ಸಂಜೆಗೆ ಸಾಂಬ್ರಾಣಿ ಹೊಗೆ! ಮರಿ ಹಾಲು ಮುಟ್ಟಲಿಲ್ಲ. ಗೆದ್ದಲು ಬಿಟ್ಟಾಗ ಮಾತ್ರ ಲಬಕ್ಕನೆ ನುಂಗಿತು. ಎಷ್ಟೋ ವರ್ಷದ ಮೇಲೆ ಪಕ್ಕೀರಮ್ಮ ಒಬ್ಬಳೇ ನಕ್ಕಳು. ಅದನ್ನು ಕೂಸು ಎಂದೇ ಕರೆದಳು.

ಬರಬರುತ್ತ ಕೂಸಿನ ಹಿಂಗಾಲು ನಡುಗತೊಡಗಿದವು. ಮಿಡತೆ ಕಚ್ಚಿದರೂ ಅಗಿಯಲು ದವಡೆಗೆ ಬಲವಿಲ್ಲ. ಪಕ್ಕದ ಮನೆಯ ಖಾಜಾಸಾಬ್, ಸೈಕಲ್ಲಿಗೆ ಪಂಕ್ಚರ್ ಹಾಕುವವನು, ಬಂದು ನೋಡಿದ.

"ಅವ್ವಾ, ಇವು ದಿನಾ ಬೇಲಿ ಮ್ಯಾಗ ಕುಂತು ಮೈ ಕಾಸ್ಕೊಂತಾವ. ಬಿಸಿಲಿಗೆ ಬಿಡ್ರಿ."

"ಬಾಯಿ ಮುಚ್ಚಲೇ! ನೀ ಹುಟ್ಟಿದಾಗ ನಿನಗ ಅಳಾಕೂ ಬರ್ತಿದ್ದಿಲ್ಲ. ಬೆನ್ನಿಗೆ ಬಡಿದು ಅಳಿಸಿದಾಕಿ ನಾನು. ನನಗ ಕೂಸು ಸಾಕೋದು ಹೇಳಿಕೊಡ್ತಿಯೇನು?"

ಅವನು ಹೋದ ಮೇಲೆ ಅವಳು ಕಿಟಕಿಗೆ ಇನ್ನೊಂದು ಗೋಣಿಚೀಲ ಬಿಗಿದಳು.

ಒಂದು ಬೆಳಿಗ್ಗೆ ಮರಿ ತಲೆಯೆತ್ತಲಿಲ್ಲ. ಎದೆ ಮಾತ್ರ ಸಣ್ಣಗೆ ಆಡುತ್ತಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಪಕ್ಕೀರಮ್ಮ ಹೊಸ್ತಿಲ ತನಕ ಬಂದಳು. ಅಂಗಳದ ತುಂಬ ಬಿಸಿಲು. ಕಾಲು ಮುಂದಕ್ಕೆ ಏಳಲಿಲ್ಲ. ಖಾಜಾಸಾಬ್ ಓಡಿಬಂದು ರಟ್ಟೆ ಹಿಡಿದು ಇಳಿಸಿದ. ಬಿಸಿಲು ತಾಕಿದ್ದೇ ಮರಿ ಕಣ್ಣು ತೆರೆಯಿತು. ಅಂಗೈ ಮೇಲೆ ಮೈ ಚಪ್ಪಟೆ ಮಾಡಿ ಹರವಿಕೊಂಡಿತು.

"ನೋಡ್ರಿ ಅವ್ವಾ, ನೋಡ್ರಿ!" ಎಂದ ಅವನು.

ಅಷ್ಟೇ. ಮತ್ತೆ ಅದು ಅಲುಗಲಿಲ್ಲ.

"ಒಂದನ್ನ ಬಿಸಿಲಿಗೆ ಕೊಟ್ಟೆ, ಇನ್ನೊಂದನ್ನ ಬಿಸಿಲು ಕೊಡದ ಕೊಂದೆನಲ್ಲೋ ಖಾಜಾ" ಎಂದು ಅವಳು ಅಂಗಳದಲ್ಲೇ ಕುಸಿದು ಅತ್ತಳು. ತನ್ನ ಮಗಳಿಗಾಗಿಯೂ ಆವತ್ತೇ ಬಾಯಿಬಿಟ್ಟು ಅತ್ತಿದ್ದು.

ಮರುವರ್ಷ ಖಾಜಾಸಾಬನ ಹೆಂಡತಿ ಶಹಜಾನಬಿ ಹೆತ್ತಳು. ಪಕ್ಕೀರಮ್ಮ ಕಿಟಕಿಗೆ ಗೋಣಿಚೀಲ ಕಟ್ಟಲಿಲ್ಲ. ಬೆಳಗಿನ ಎಳೆಬಿಸಿಲಿಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಂಗಳದಲ್ಲಿ ಕೂರುವಳು. ಒಂದು ಕಣ್ಣು ಕೂಸಿನ ಮೇಲೆ, ಒಂದು ಕಣ್ಣು ನೆರಳಿನ ಮೇಲೆ. ಯಾರು ಕರೆದರೂ ಏಳುತ್ತಿರಲಿಲ್ಲ.