ಎಡೆಗೆ ಇಟ್ಟ ಬರ್ಗರ್

ಈ ಸಲ ಹಿರಿಯರ ಹಬ್ಬಕ್ಕೆ ಎಡೆಯಲ್ಲಿ ಬರ್ಗರ್ ಇಡುತ್ತೇನೆ ಅಂದಾಗ ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಆ ಹೆಸರನ್ನು ಎರಡೆರಡು ಸಲ ಹೇಳಿಸಿದಳು.

"ಏನ್ಲಾ ಅದು? ಬನ್ನಾ?"

"ಬನ್ನೇ. ಒಳಗೆ ಕೈಮಾ ಇರ್ತದೆ."

"ತಲೆಗಿಲೆ ಕೆಟ್ಟೈತಾ ನಿಂಗೆ? ಹಿರೀಕ್ರ ಎಡೆಗೆ ಬನ್ನು ಇಕ್ತಾರಾ ಯಾರಾರೂ?"

"ಅಪ್ಪಂಗೆ ಬೀಡಿಕಟ್ಟು ಇಕ್ಕಲ್ವಾ? ಬ್ರಾಂದಿ ಇಕ್ಕಲ್ವಾ? ಅವಳಿಗೆ ಇಷ್ಟ ಆಗಿದ್ದು ಇದು. ಇಕ್ಕೇ ಇಕ್ತೀನಿ," ಅಂತ ಜೋರು ಮಾಡಿದೆ.

ನನ್ನ ಕೋಪ ಅಕ್ಕನಿಗೆ ಹೊಸದೇನಲ್ಲ. "ಆಯ್ತು, ಇಕ್ಕು, ಅದ್ಕ್ಯಾಕಂಗೆ ಕಿರಿಚ್ಕಂತೀಯ. ಆದ್ರೆ ಎಡೆ ಎತ್ತೋಗಂಟ ಯಾರೂ ರುಚಿ ನೋಡಂಗಿಲ್ಲ. ಮೂಸೂ ನೋಡಂಗಿಲ್ಲ. ಅದೊಂದ್ ಮರೀಬ್ಯಾಡ," ಅಂದು ಫೋನ್ ಇಟ್ಟಳು.

ಅವಳು ಅಂದರೆ ನನ್ನ ಹೆಂಡತಿ. ಅರಕಲಗೂಡು ಕಡೆಯವಳು. ತೀರಿಕೊಂಡು ಒಂದೂವರೆ ವರ್ಷವಾಯಿತು. ವರ್ಷ ತುಂಬುವವರೆಗೆ ಹಿರಿಯರ ಜೊತೆ ಸೇರಿಸುವ ಹಾಗಿಲ್ಲ ಅಂತ ಹೋದ ಹಬ್ಬದಲ್ಲಿ ಅವಳಿಗೆ ಎಡೆ ಇಟ್ಟಿರಲಿಲ್ಲ. ಇದೇ ಮೊದಲು.

ನಮ್ಮ ಮನೆಗೆ ಬರ್ಗರ್ ಬಂದದ್ದು ಮಗಳಿಂದ. ಹಾಸನದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಎಲ್ಲೋ ತಿಂದು ಬಂದು, ಒಂದು ವಾರ ಅದನ್ನೇ ಹೇಳುತ್ತಿದ್ದಳು. ನನ್ನ ಹೆಂಡತಿ ಕೇಳಿ ಕೇಳಿ ಸಾಕಾಗಿ, "ಕೈಮಾ ಉಂಡೇನ ತಟ್ಟಿ ಸುಟ್ರೆ ಮುಗೀತಲ್ಲ, ಅದ್ಕೇನ್ ಅಷ್ಟೊಂದು," ಅಂದಳು. ನನಗೆ ಹೊಳೆನರಸೀಪುರದಲ್ಲಿ ವೆಲ್ಡಿಂಗ್ ಅಂಗಡಿ. ಅಂಗಡಿಯಲ್ಲಿ ಬಿದ್ದಿದ್ದ ತಗಡಿನ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಕಿಟಕಿ ಮಾಡಿ ಉಳಿದ ಸರಳುಗಳನ್ನು ಅದರ ಮೇಲೆ ಜೋಡಿಸಿ ಬೆಸುಗೆ ಹಾಕಿಕೊಟ್ಟೆ. ಹಿತ್ತಿಲಲ್ಲಿ ಇಟ್ಟು ಕೆಂಡ ತುಂಬಿದೆವು.

ಮೊದಲ ಸಲದ್ದು ನೆನೆದರೆ ಈಗಲೂ ನಗು ಬರುತ್ತದೆ. ಸಾರಿಗೆ ಬಿಡುವ ಕೈಮಾ ಉಂಡೆಗೆ ಹಾಕುವ ತೆಂಗಿನಕಾಯಿ, ಹುರಿಗಡಲೆ, ಗಸಗಸೆ ಎಲ್ಲವನ್ನೂ ರುಬ್ಬಿ ಹಾಕಿ ತಟ್ಟಿದ್ದಳು. ಸರಳಿನ ಮೇಲೆ ಇಟ್ಟ ಎರಡು ನಿಮಿಷಕ್ಕೆ ಒಂದೊಂದೇ ಬಿರುಕು ಬಿಟ್ಟು, ಸರಳಿನ ಸಂದಿಯಿಂದ ಜಾರಿ ಕೆಂಡಕ್ಕೆ ಬಿದ್ದವು. ನಾನು ಬಿದ್ದು ಬಿದ್ದು ನಕ್ಕೆ. ಅವಳಿಗೆ ಉರಿದುಹೋಯಿತು. "ನಗ್ರೀ, ನಗ್ರೀ. ಬರೋ ಭಾನುವಾರ ನೋಡ್ಕಳಿ," ಅಂದಳು.

ಹಟ ಹಿಡಿದರೆ ಬಿಡುವ ಹೆಂಗಸಲ್ಲ. ಮಟನ್ ಅಂಗಡಿಯವರ ಹತ್ತಿರ ತಾನೇ ಹೋಗಿ, ಕೊಬ್ಬು ಬಿಡಿಸಬೇಡಿ, ಸೇರಿಸಿಯೇ ಕೊಚ್ಚಿ ಕೊಡಿ ಅಂದಳು. ಕೊಬ್ಬಿಲ್ಲದ ಕೈಮಾ ಕೆಂಡದ ಮೇಲೆ ಒಣಗಿ ಹುಡಿಯಾಗುತ್ತದೆ ಅನ್ನುವುದು ಅವಳಿಗೆ ಎರಡನೇ ಭಾನುವಾರ ಗೊತ್ತಾಗಿತ್ತು. ಕಾಯಿ, ಹುರಿಗಡಲೆ ಬಿಟ್ಟಳು. ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಹಿಂಡಿ ನೀರು ತೆಗೆದು ಹಾಕುವಳು. ಮೆಣಸನ್ನು ನುಣ್ಣಗೆ ಪುಡಿ ಮಾಡದೆ ಕುಟ್ಟಾಣಿಯಲ್ಲಿ ಒಡೆಯುವಳು. ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಒಂದಿಷ್ಟು ಧನಿಯಾ, ಹಸಿಮೆಣಸಿನಕಾಯಿ, ಪುದೀನ ನಾಲ್ಕು ಎಲೆ, ಚಕ್ಕೆ ಲವಂಗ ಇದೆಯೋ ಇಲ್ಲವೋ ಅನ್ನುವಷ್ಟು. ಜಾಸ್ತಿ ನಾದುತ್ತಿರಲಿಲ್ಲ. ಬೆರಳ ತುದಿಯಲ್ಲಿ ಬೆರೆಸಿ ಬಿಟ್ಟುಬಿಡುವಳು. ಆಮೇಲೆ ಗೋಲಿ ಗಾತ್ರದ್ದೊಂದು ಚೂರನ್ನು ಕಾವಲಿಯ ಮೇಲೆ ಸುಟ್ಟು, ಊದಿ ಊದಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಲ್ಲುವಳು. ಆ ಹೊತ್ತಿನಲ್ಲಿ ನಾವು ಯಾರೂ ಮಾತಾಡುವಂತಿರಲಿಲ್ಲ. "ಮೆಣಸು ಸಾಲ್ದು," ಅನ್ನುವಳು. ಇಲ್ಲ, "ಸರೋಯ್ತು," ಅನ್ನುವಳು. ಸರೋಯ್ತು ಅಂದರೆ ತಟ್ಟಲು ಶುರು. ಬೇಯುವಾಗ ಉಬ್ಬಬಾರದು ಅಂತ ಪ್ರತಿಯೊಂದರ ನಡುವೆ ಹೆಬ್ಬೆರಳಿನಿಂದ ಒತ್ತುವಳು.

ಉಪ್ಪು ಮಾತ್ರ ಕೈಮಾಕ್ಕೆ ಬೆರೆಸುತ್ತಿರಲಿಲ್ಲ. "ಮೊದ್ಲೇ ಆಕಿದ್ರೆ ಚಪ್ಪಲಿ ತಿಂದಂಗಾಯ್ತದೆ," ಅನ್ನುವಳು. ಸರಳಿನ ಮೇಲೆ ಇಡುವ ಹೊತ್ತಿಗೆ, ಒಂದು ಮೊಳ ಎತ್ತರದಿಂದ ಪುಡಿ ಉಪ್ಪನ್ನು ಮಳೆಹನಿ ಹಾಗೆ ಎರಡೂ ಮಗ್ಗುಲಿಗೆ ಉದುರಿಸುವಳು. ಉಪ್ಪೆಂದರೆ ಅವಳಿಗೆ ಪ್ರಾಣ. ಮಾವಿನಕಾಯಿಗೆ ಉಪ್ಪು, ಸೀಬೆಹಣ್ಣಿಗೆ ಉಪ್ಪು, ಮಜ್ಜಿಗೆಗೆ ಎರಡು ಸಲ ಉಪ್ಪು. ಅವಳ ಪಾಲಿನ ಬರ್ಗರ್‌ಗೆ ಬೇರೆಯವರಿಗಿಂತ ಒಂದು ಚಿಟಿಕೆ ಜಾಸ್ತಿ.

ಏಳೆಂಟು ವರ್ಷ ಭಾನುವಾರಗಳು ಹೀಗೇ ಹೋದವು. ಆಮೇಲೆ ಅವಳ ಕಾಲು ಊದಿಕೊಂಡಿತು. ಹಾಸನಕ್ಕೆ ಕರೆದುಕೊಂಡು ಹೋದೆ. ಬಿಪಿ ಮೇಲೇರಿದೆ, ಕಿಡ್ನಿ ಸೋತಿದೆ, ಉಪ್ಪು ಕಮ್ಮಿ ಮಾಡಿಸಿ ಅಂದರು ಡಾಕ್ಟರು.

ಅವರು ಅಂದದ್ದು ಕಮ್ಮಿ ಮಾಡಿಸಿ ಅಂತ. ನಾನು ಪೂರ್ತಿ ನಿಲ್ಲಿಸಿದೆ. ನನ್ನ ಸ್ವಭಾವವೇ ಅದು, ಅರ್ಧಂಬರ್ಧ ಅನ್ನುವುದು ಗೊತ್ತಿಲ್ಲ. ಉಪ್ಪಿನಕಾಯಿ ಜಾಡಿಗಳನ್ನು ಅಕ್ಕನ ಮನೆಗೆ ಸಾಗಿಸಿದೆ. ಹಪ್ಪಳದ ಡಬ್ಬ ಖಾಲಿ ಮಾಡಿದೆ. ಉಪ್ಪಿನ ಡಬ್ಬವನ್ನು ಅಟ್ಟದ ಮೇಲಿಟ್ಟು ಏಣಿಯನ್ನು ಅಂಗಡಿಗೆ ಒಯ್ದೆ. ಮನೆಯಲ್ಲಿ ಪೊಲೀಸನಾದೆ. ಭಾನುವಾರ ಬರ್ಗರ್ ಮಾಡುವುದನ್ನು ಅವಳು ಬಿಡಲಿಲ್ಲ, ಆದರೆ ಅಟ್ಟದಿಂದ ಡಬ್ಬ ಇಳಿಸಿ ಉಪ್ಪು ಉದುರಿಸುವ ಕೆಲಸವನ್ನು ನಾನು ಕಿತ್ತುಕೊಂಡೆ. ಸರಳಿನ ಮೇಲೆ ಐದು ಇಡುತ್ತಿದ್ದೆವು. ನನಗೆ ಎರಡು, ಮಗಳಿಗೆ ಎರಡು, ಬಲಗಡೆಯ ಕೊನೆಯದು ಅವಳದು. ನಾಲ್ಕಕ್ಕೆ ಉಪ್ಪು ಉದುರಿಸಿ ಡಬ್ಬದ ಮುಚ್ಚಳ ಹಾಕುತ್ತಿದ್ದೆ. ಎರಡು ವರ್ಷ, ಒಂದು ವಾರವೂ ತಪ್ಪದೆ ಹೀಗೆ ಮಾಡಿದೆ.

ಅವಳು ತಿಂದು, "ಮಣ್ಣು ತಿಂದಂಗೈತೆ," ಅನ್ನುವಳು. "ತಿನ್ನು, ಬದುಕಬೇಕು ಅಂದ್ರೆ ತಿನ್ನು," ಅನ್ನುವೆ ನಾನು.

ಕೊನೆಯ ಭಾನುವಾರ, ನಾನು ಉಪ್ಪಿನ ಡಬ್ಬ ಹಿಡಿದು ನಿಂತಿದ್ದಾಗ ಅವಳು ಹತ್ತಿರ ಬಂದಳು. ಮುಖ ಊದಿಕೊಂಡಿತ್ತು. "ರೀ, ನಂಗೊಂದ್ ಚಿಟಿಕೆ ಆಕ್ರೀ. ಒಂದೇ ಒಂದ್ ಸಲ. ಇನ್ ಕೇಳಕ್ಕಿಲ್ಲ," ಅಂದಳು. ಮಗಳ ಎದುರಿಗೇ ಕೂಗಾಡಿಬಿಟ್ಟೆ. "ಸಾಯ್ಬೇಕು ಅಂತ ಮಾಡಿದ್ದೀಯೇನೇ? ನಾಲಿಗೆ ಚಪಲಕ್ಕೆ ನಮ್ಮನ್ನೆಲ್ಲ ಬೀದಿಗೆ ತರ್ಬೇಕಾ?" ಅಂದೆ. ಅವಳು ಸಪ್ಪೆಯದನ್ನು ತಟ್ಟೆಗೆ ಹಾಕಿಕೊಂಡು ಒಳಗೆ ಹೋದಳು. ಮುಂದಿನ ಭಾನುವಾರಕ್ಕೆ ಅವಳಿರಲಿಲ್ಲ.

ಎರಡು ವರ್ಷ ಸಪ್ಪೆ ತಿನ್ನಿಸಿ ನಾನು ಸಂಪಾದಿಸಿದ್ದಾದರೂ ಏನು? ಒಂದು ಚಿಟಿಕೆ ಹಾಕಿದ್ದರೆ ಒಂದು ದಿನ ಮೊದಲು ಹೋಗುತ್ತಿದ್ದಳಾ? ಈ ಪ್ರಶ್ನೆ ವೆಲ್ಡಿಂಗ್ ಮಾಡುವಾಗ, ಬಸ್ಸಿಗೆ ಕಾಯುವಾಗ, ಹಲ್ಲುಜ್ಜುವಾಗ ಬರುತ್ತದೆ. ಉತ್ತರ ಇಲ್ಲ ಅಂತ ಗೊತ್ತಿದ್ದೂ ಬರುತ್ತದೆ. ಸತ್ತವರು ಬಂದು ಉಣ್ಣುತ್ತಾರೆ ಅನ್ನುವುದನ್ನು ನಾನು ನಂಬುವವನಲ್ಲ. ಅಪ್ಪನ ಬ್ರಾಂದಿ ಎಡೆ ಎತ್ತಿದ ಮೇಲೆ ಯಾರ ಹೊಟ್ಟೆ ಸೇರುತ್ತದೆ ಅಂತ ನನಗೆ ಗೊತ್ತು. ಆದರೂ, ಬರಲಿ ಬಿಡಲಿ, ಉಪ್ಪು ಹಾಕಿದ ಒಂದು ಬರ್ಗರ್ ಅವಳ ಮುಂದೆ ಇಡಬೇಕು ಅಂತ ಮನಸ್ಸು ಹಿಡಿದುಕೊಂಡಿತು. ಅವಳು ಕೇಳಿದ್ದು ಅದೊಂದೇ.

ಹಬ್ಬದ ದಿನ ಅಕ್ಕ ಬೆಳಗಿನ ಬಸ್ಸಿಗೇ ಬಂದು ಸೀರೆ ಸೊಂಟಕ್ಕೆ ಸಿಕ್ಕಿಸಿ ಒಲೆ ಮುಂದೆ ನಿಂತಳು. ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ ಅವಳದು. ಮಗಳು ಈಗ ಹಾಸನದಲ್ಲೇ ಒಂದು ಶಾಲೆಯಲ್ಲಿ ಟೀಚರ್. ಅವಳು ಬರುವಾಗ ಬೇಕರಿಯಿಂದ ಬನ್ ತಂದಳು. ನಾನು ಸ್ನಾನ ಮಾಡಿ, ಕೊಬ್ಬಿನ ಜೊತೆ ಕೊಚ್ಚಿಸಿ ತಂದ ಕೈಮಾವನ್ನು ಮುಂದಿಟ್ಟುಕೊಂಡು ಕೂತೆ. ಕೂತ ಮೇಲೆ ಗೊತ್ತಾಯಿತು, ನನಗೆ ಏನೂ ಗೊತ್ತಿಲ್ಲ ಅಂತ. ನನ್ನ ಹೆಂಡತಿ ಅಳತೆ ಮಾಡಿದವಳಲ್ಲ, ಬರೆದಿಟ್ಟವಳಲ್ಲ.

"ಧನಿಯಾ ಹುರೀತಿದ್ಲಾ ಅಮ್ಮ?" ಅಂತ ಮಗಳನ್ನು ಕೇಳಿದೆ.

"ಹುರೀತಿರ್ಲಿಲ್ಲಪ್ಪ, ಹಾಗೇ ಕುಟ್ಟೋಳು."

"ಹುರೀತಿದ್ಲು. ವಾಸನೆ ಅಂಗಡಿಗಂಟ ಬರ್ತಿತ್ತು."

"ಅದು ಹುಳಿಪುಡಿಗೆ. ಇದಕ್ಕಲ್ಲ." ಮಗಳಿಗೂ ನನ್ನದೇ ಬುದ್ಧಿ. ಇಬ್ಬರೂ ಜಗಳ ಆಡಿದೆವು. ಕೊನೆಗೆ ಅರ್ಧ ಹುರಿದು ಅರ್ಧ ಹಸಿಯದು ಹಾಕಿದೆವು. ಮೆಣಸು ಎಷ್ಟು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಬೆರೆಸಿ ಮುಗಿಸಿ, ಗೋಲಿ ಗಾತ್ರದ್ದೊಂದನ್ನು ಉರುಳಿಸಿ ಕಾವಲಿ ಕಡೆ ಕೈ ಚಾಚಿದೆ. ಅಕ್ಕ ಸೌಟಿನಿಂದ ನನ್ನ ಕೈಗೆ ಒಂದು ಬಿಟ್ಟಳು.

"ಎಂಜಲು ಮಾಡೀಯಾ? ಅವ್ಳು ತಿನ್ನೋಕ್ ಮುಂಚೆ ನೀನ್ ತಿಂತೀಯಾ?"

"ರುಚಿ ನೋಡ್ದೆ ಎಂಗಕ್ಕ ಗೊತ್ತಾಗೋದು ನಂಗೆ?"

"ಗೊತ್ತಾಗೋದು ಬ್ಯಾಡ. ಅವ್ಳಿಗ್ ಗೊತ್ತಾಯ್ತದೆ."

ಉಂಡೆಯನ್ನು ವಾಪಸ್ ಪಾತ್ರೆಗೆ ಹಾಕಿದೆ. ಹೋಗಲಿ, ಖಾರ ಹೆಚ್ಚು ಕಮ್ಮಿ ಆದರೆ ಆಗಲಿ, ನನಗೆ ಮುಖ್ಯವಾದದ್ದು ಉಪ್ಪು, ಅದು ನನ್ನ ಕೈಯಲ್ಲಿದೆ ಅಂದುಕೊಂಡೆ. ಐದು ತಟ್ಟಿ, ನಡುವೆ ಹೆಬ್ಬೆರಳು ಒತ್ತಿದೆ.

ಮೂರು ಗಂಟೆ ಹೊತ್ತಿಗೆ ಹಿತ್ತಿಲಲ್ಲಿ ಕೆಂಡ ಕೆಂಪಾಯಿತು. ಸರಳಿಗೆ ಎಣ್ಣೆ ಸವರಿ ಐದನ್ನೂ ಇಟ್ಟೆ. ಕೊಬ್ಬು ಕರಗಿ ಕೆಂಡಕ್ಕೆ ತೊಟ್ಟಿಕ್ಕಿ ಹೊಗೆ ಎದ್ದಿತು. ಕಣ್ಣಿಂದ ನೀರು ಸುರಿಯುತ್ತಿತ್ತು, ಹೊಗೆಗೋ ಇನ್ನೊಂದಕ್ಕೋ ಹೇಳಲಾರೆ. ಅವಳ ಹಾಗೆಯೇ ಕೈ ಮೇಲೆತ್ತಿ ಉಪ್ಪು ಉದುರಿಸಿದೆ, ತಿರುವಿ ಹಾಕಿ ಮತ್ತೆ ಉದುರಿಸಿದೆ. ಒಳಗಿನಿಂದ ಅಕ್ಕ ಸಾಂಬ್ರಾಣಿಗೆ ಕೆಂಡ ಬೇಕು ಅಂತ ಕೂಗುತ್ತಿದ್ದಳು. "ತಡ್ಕಳೇ, ಬತ್ತೀನಿ," ಅಂತ ನಾನೂ ಕೂಗಿದೆ.

ಅಪ್ಪನ ಎಡೆಯ ಪಕ್ಕದಲ್ಲಿ ಅವಳ ಫೋಟೋ ಮುಂದೆ ಬಾಳೆ ಎಲೆ ಹಾಸಿ, ಹೊಸ ಸೀರೆ ಇಟ್ಟು, ಮುದ್ದೆ ಸಾರು ಕಜ್ಜಾಯಗಳ ನಡುವೆ ಅವಳ ಬರ್ಗರ್ ಇಟ್ಟೆವು. ಬನ್ನಿನ ಮೇಲೆ ಮಗಳು ಎಳ್ಳು ಅಂಟಿಸಿದ್ದಳು. ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದು ಮೂವರೂ ಜಗಲಿಗೆ ಬಂದು ನಿಂತೆವು. ಹಿರಿಯರು ಉಣ್ಣುವಾಗ ನೋಡಬಾರದು.

ನಂಬುವವನಲ್ಲ ಅಂದೆನಲ್ಲ, ಆ ಐದು ನಿಮಿಷ ನಂಬಿದೆ. ತಗೊಳ್ಳೇ, ಹಾಕಿದ್ದೀನಿ, ಹೊಟ್ಟೆ ತುಂಬ ತಿನ್ನು, ಬೈಯಲ್ಲ ಅಂತ ಒಳಗೊಳಗೇ ಹೇಳಿಕೊಂಡೆ. ಒಂದೂವರೆ ವರ್ಷದಲ್ಲಿ ಮೊದಲ ಸಲ ಎದೆ ಸ್ವಲ್ಪ ಹಗುರವಾಯಿತು.

ಅಕ್ಕ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದಳು. ಎಲ್ಲ ಇಟ್ಟಂತೆಯೇ ಇತ್ತು. "ನೋಡ್ಲಾ, ಬನ್ನು ಒಂದ್ಕಡೆ ಕುಗ್ಗೈತೆ, ಮುಟ್ಟವ್ಳೆ," ಅಂದಳು ಅಕ್ಕ. ಮಗಳು ಅತ್ತಳು. ಕಾಗೆಗೆ ಇಟ್ಟು, ಎಲ್ಲರೂ ಊಟಕ್ಕೆ ಕೂತೆವು. ಅವಳ ಎಲೆ ನನ್ನ ಮುಂದೆ ಬಂತು. ಬರ್ಗರ್ ಎತ್ತಿ ಕಚ್ಚಿದೆ.

ಸಪ್ಪೆ.

ಅರೆ, ಇರಲಾರದು ಅಂತ ಬನ್ ಬಿಚ್ಚಿ ಬರೀ ಕೈಮಾ ಮುರಿದು ಬಾಯಿಗೆ ಹಾಕಿಕೊಂಡೆ. ಉಪ್ಪಿನ ಸುಳಿವೇ ಇಲ್ಲ. ಆಗ ಕಣ್ಣ ಮುಂದೆ ಬಂತು. ಎಡಗಡೆಯಿಂದ ಒಂದು, ಎರಡು, ಮೂರು, ನಾಲ್ಕು. ಬಲಗಡೆಯ ಕೊನೆಯದು, ಅವಳದು, ಬರುವ ಮೊದಲೇ ನನ್ನ ಕೈ ಡಬ್ಬದ ಮುಚ್ಚಳ ಹಾಕಿತ್ತು. ತಿರುವಿ ಹಾಕಿದ ಮೇಲೂ ನಾಲ್ಕು, ಮುಚ್ಚಳ. ಎರಡು ವರ್ಷ ಕಲಿತದ್ದನ್ನು ಕೈ ಮರೆತಿರಲಿಲ್ಲ. ಥೂ ನನ್ನ ಕೈಗಿಷ್ಟು! ಬಂದಿದ್ದರೆ, ಸತ್ತ ಮೇಲೂ ಇವನು ಕೊಡಲಿಲ್ಲ ಅಂದುಕೊಂಡು ಮಣ್ಣಿನಂಥದ್ದನ್ನೇ ತಿಂದು ಹೋದಳು. ಬಂದಿಲ್ಲದಿದ್ದರೆ ಇನ್ನು ಯಾವತ್ತೂ ಬರುವುದಿಲ್ಲ. ಎತ್ತಿದ ಎಡೆಯನ್ನು ಮತ್ತೆ ಇಡುವ ಹಾಗಿಲ್ಲ. ಬರುವ ವರ್ಷ ಇಡಬಹುದು ಅನ್ನುತ್ತೀರಿ. ಕೊನೆಯ ಭಾನುವಾರವೂ ಕೂಗಾಡಿ ಮುಗಿದ ಮೇಲೆ, ಬರುವ ವಾರ ನೋಡೋಣ ಅಂತಲೇ ನಾನು ಅಂದುಕೊಂಡಿದ್ದು.

"ಎಡೇದು ಒಬ್ನೇ ತಿನ್ಬಾರ್ದು ಕಣ್ಲಾ, ಎಲ್ರಿಗೂ ಒಂದೊಂದ್ ಚೂರು ಕೊಡು," ಅಂತ ಅಕ್ಕ ಕೈ ಚಾಚಿದಳು. ನಾನು ಎಲೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ದೊಡ್ಡ ದೊಡ್ಡ ತುತ್ತು ಮಾಡಿ, ಅಗಿದೂ ಅಗಿಯದೆ ಒಬ್ಬನೇ ತಿನ್ನತೊಡಗಿದೆ. "ಬಕಾಸುರ," ಅಂದು ಅಕ್ಕ ಬೈದು ಕೈ ಹಿಂದಕ್ಕೆ ತೆಗೆದುಕೊಂಡಳು.

ಮಗಳು ತನ್ನದನ್ನು ತಿನ್ನುತ್ತಿದ್ದಳು. ಅವಳ ಪಾಲಿಗೆ ಉಪ್ಪು ಬಿದ್ದಿತ್ತು. ಕಣ್ಣು ಒರೆಸಿಕೊಂಡು ನನ್ನನ್ನು ನೋಡಿ ನಕ್ಕಳು.

"ಇವತ್ತಾದ್ರೂ ಅಮ್ಮ ಉಪ್ಪು ಹಾಕಿರೋದು ತಿಂದ್ಲು, ಅಲ್ವಾ ಅಪ್ಪ?"

ಬಾಯಲ್ಲಿದ್ದ ಕೊನೆಯ ತುತ್ತನ್ನು ನುಂಗಿದೆ.

"ಹೂಂ ಕಣವ್ವ," ಅಂದೆ. "ತಿಂದ್ಲು."